ಪಕ್ಕದ ಬಾಗಿಲಿನ ಕೀಲಿ: ನಾಟಕ ಕಂಪನಿಯೊಂದರ ಗೇಟಿನ ಪ್ರಕರಣ

ಗದಗ ಜಿಲ್ಲೆಯ ಒಂದು ತಾಲೂಕು ಊರಿನ ಜಾತ್ರೆಗೆ ಕ್ಯಾಂಪ್ ಹಾಕಿದ್ದ ನಾಟಕ ಕಂಪನಿಯಲ್ಲಿ ನಡೆದದ್ದು ಇದು. ಆಗ ನಾನು ಆ ಕಂಪನಿಯ ಮ್ಯಾನೇಜರ್. ಊರು, ಕಂಪನಿ, ಜನ, ಯಾರ ಹೆಸರನ್ನೂ ಬರೆಯುತ್ತಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಗೇಟಿನಲ್ಲಿ ತಿಕೀಟು ಹರಿಯುತ್ತಿದ್ದವರನ್ನು ಕಂಪನಿಯವರೆಲ್ಲ ಕರೆಯುತ್ತಿದ್ದ ಹಾಗೆ ಕಾಕಾ ಎಂದೇ ಕರೆಯುತ್ತೇನೆ. ಟಾಕೀಸಿನಲ್ಲಿ, ಜಾತ್ರೆಯಲ್ಲಿ, ಸರ್ಕಸ್ಸಿನಲ್ಲಿ ಬಾಗಿಲು ಕಾಯುವವರಿಗೆ, ಅವರಿಗಿಂತ ಹೆಚ್ಚಾಗಿ ಅವರಿಗೆ ಹುಕುಂ ಕೊಡುವ ನನ್ನಂಥವರಿಗೆ ಉಪಯೋಗವಾದೀತು ಎಂದು ಬರೆದಿದ್ದೇನೆ.

ಹಿನ್ನೆಲೆ

ತಗಡಿನ ಥೇಟರು ಹೇಗಿರುತ್ತದೆ ಎಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಯಲಿನಲ್ಲಿ ಕಂಬ ಹುಗಿದು, ಸುತ್ತ ತಗಡು ಬಡಿದು, ಮೇಲೆ ತಾಡಪತ್ರಿ ಎಳೆದು ಕಟ್ಟಿದರೆ ಎರಡು ತಿಂಗಳು ಅದೇ ಮನೆ, ಅದೇ ದುಡಿಮೆ. ಮುಂದೆ ಕುರ್ಚಿ, ಹಿಂದೆ ಬಾಕು, ಅಂದರೆ ಉದ್ದನೆಯ ಬೆಂಚು. ಒತ್ತಿ ಕೂತರೆ 500 ಮಂದಿ. ಜನ ಬರುವುದು ಮುಂದಿನ ದೊಡ್ಡ ಗೇಟಿನಿಂದ. ಎಡಕ್ಕೂ ಬಲಕ್ಕೂ ಒಂದೊಂದು ಪಕ್ಕದ ಬಾಗಿಲು. ಎಡದ್ದು ಹೆಣ್ಣುಮಕ್ಕಳು ಹೆಚ್ಚಾಗಿ ಕೂಡುವ ಕಡೆ. ರಂಗದ ಹಿಂದೆ ಕಲಾವಿದರ ಬಾಗಿಲು. ದಿನಕ್ಕೆ ಎರಡು ಆಟ, ತೇರಿನ ಆಸುಪಾಸಿನಲ್ಲಿ ನಾಲ್ಕು.

ಗದಗ ಸೀಮೆಯ ಜನಕ್ಕೆ ನಾಟಕದ ಮೇಲಿರುವುದು ಹಕ್ಕಿನ ಪ್ರೀತಿ. ಶಾಂತಕವಿಗಳ ಕೃತಪುರ ನಾಟಕ ಮಂಡಳಿ ಹುಟ್ಟಿದ್ದು ಗದಗಿನಲ್ಲಿ, ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಆಶ್ರಮದ ಮಕ್ಕಳ ಅನ್ನಕ್ಕೆಂದು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದರು. ತಿಕೀಟಿನ ರೊಕ್ಕ ಎಂದರೆ ಅಕ್ಕಿಯ ರೊಕ್ಕ ಎಂಬುದು ಇಲ್ಲಿಯವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಗೇಟಿನ ಹತ್ತಿರ ಬಂದಾಗ ಆ ಪ್ರೀತಿಯೇ ಬೇರೆ ದನಿಯಲ್ಲಿ ಮಾತಾಡುತ್ತದೆ: "ನಮ್ಮಜ್ಜ ಗರೂಡರ ನಾಟಕಾ ನೋಡಿದಾಂವ, ನನಗ ತಿಕೀಟ ಕೇಳ್ತೀಯೇನೋ?"

ಇನ್ನೊಂದು ವಿಷಯ ಮೊದಲೇ ಹೇಳಬೇಕು. ಸಿನಿಮಾ ಟಾಕೀಸಿನಲ್ಲಿ ತಿಕೀಟಿನ ಲೆಕ್ಕ ನೋಡಲು ಹೊರಗಿನ ಕಣ್ಣಿರುತ್ತದೆ. ಹಂಚಿಕೆದಾರರ ಪ್ರತಿನಿಧಿ ಬಂದು ಕಲೆಕ್ಷನ್ ನೋಡುತ್ತಾನೆ, ಮೇಲೆ ತೆರಿಗೆಯ ಲೆಕ್ಕ ಬೇರೆ. ನಾಟಕದ ತಿಕೀಟಿಗೆ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ. ನಮ್ಮ ದರ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ನಮ್ಮ ತಿಕೀಟನ್ನು ನಾವೇ ಎಣಿಸಬೇಕು, ನಮ್ಮಲ್ಲಿಯ ಕಳವನ್ನು ನಾವೇ ಹಿಡಿಯಬೇಕು. ಲೆಕ್ಕ ತಪ್ಪಿತೆಂದರೆ ಮೊದಲ ಅನುಮಾನ ಗೇಟಿನವನ ಮೇಲೆ, ಯಾಕೆಂದರೆ ತಿಕೀಟು ಕೊನೆಗೆ ಬೀಳುವುದು ಅವನ ಕೈಗೆ.

ಕಾಕಾಗೆ ಆಗ ಅರವತ್ತರ ಹತ್ತಿರ. ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ಹದಿನಾಲ್ಕು ವರ್ಷ ಬಾಲ್ಕನಿ ಗೇಟು ಕಾಯ್ದವರು. ಟಾಕೀಸು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಅವರು ತಿಕೀಟು ಹರಿಯುವುದನ್ನು ನೋಡಬೇಕು. ತೂತಿನ ಸಾಲಿಗೆ ಎಡಗೈ ಹೆಬ್ಬೆರಳಿನ ಉಗುರು ಒತ್ತಿ, ಬಲಗೈಯಿಂದ ಒಮ್ಮೆ ಎಳೆದರೆ ಅರ್ಧ ಬಂದವರ ಕೈಗೆ, ಅರ್ಧ ಡಬ್ಬಿಗೆ. ಕುರ್ಚಿ ತಿಕೀಟಿನ ಕಾಗದ ದಪ್ಪ, ಬಾಕಿನದು ತೆಳು. ಯಾವುದೆಂದು ಬೆರಳಿಗೇ ತಿಳಿಯುತ್ತಿತ್ತು. ಅಷ್ಟು ಹೊತ್ತೂ ಅವರ ಕಣ್ಣು ಬಂದವರ ಮುಖದ ಮೇಲೆ: ಕುಡಿದಾನೋ, ಜಗಳ ತೆಗೆಯಲು ಬಂದಾನೋ, ಬಗಲಲ್ಲಿ ಕೂಸಿದೆಯೋ, ಮುದುಕಿಗೆ ಮೆಟ್ಟಿಲು ಕಾಣುತ್ತದೋ. ಇದನ್ನೆಲ್ಲ ನಾನು ಸರಿಯಾಗಿ ನೋಡಿದ್ದು ಈ ಪ್ರಕರಣವಾದ ಮೇಲೆ. ಅಲ್ಲಿಯವರೆಗೆ ನನ್ನ ಪಾಲಿಗೆ ಅವರು ಪಗಾರದ ಪಟ್ಟಿಯ ಕೊನೆಯ ಸಾಲಿನವರು.

ಲೆಕ್ಕ ಕೂಡಲಿಲ್ಲ

ಕ್ಯಾಂಪ್ ಶುರುವಾಗಿ ಎರಡನೇ ವಾರ. ಮಾಲಕರು ಒಂದು ರಾತ್ರಿ ಹಿಂದೆ ನಿಂತು ಸಾಲು ಸಾಲಾಗಿ ತಲೆ ಎಣಿಸಿ ಬಂದು, ತಿಕೀಟು ಮಾರುವ ಬುಕಿಂಗಿನಲ್ಲಿ ಕೂತರು. "ತಿಕೀಟ ಮುನ್ನೂರಾ ಎಂಬತ್ತು ಹೋಗ್ಯಾವು ಅಂತೀರಿ. ಒಳಗ ನಾನೂರರ ಮ್ಯಾಲ ಅದಾರ. ಉಳಿದವ್ರು ಮ್ಯಾಲಿಂದ ಇಳದ್ರೇನು?"

ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಕಳವಿದೆ. ಗೇಟಿನವನು ತಿಕೀಟು ಹರಿಯದೆ ಇಡಿಯಾಗಿ ಇಟ್ಟುಕೊಳ್ಳುತ್ತಾನೆ, ಅದು ಮತ್ತೆ ಬುಕಿಂಗಿಗೆ ಹೋಗಿ ಎರಡನೇ ಸಲ ಮಾರಾಟವಾಗುತ್ತದೆ, ರೊಕ್ಕ ಇಬ್ಬರಿಗೂ ಅರ್ಧರ್ಧ. ಮಾಲಕರ ತಲೆಯಲ್ಲಿ ಇದ್ದದ್ದು ಅದೇ. ನಾನು ಎರಡು ರಾತ್ರಿ ಕಾಕಾಗೆ ತಿಳಿಯದಂತೆ ಡಬ್ಬಿ ಬಿಚ್ಚಿ ಅರ್ಧ ತಿಕೀಟುಗಳನ್ನು ನಂಬರಿನ ಪ್ರಕಾರ ಜೋಡಿಸಿ ನೋಡಿದೆ. ಒಂದೂ ತಪ್ಪಿರಲಿಲ್ಲ. ಇದನ್ನು ಮಾಲಕರಿಗೆ ಅಂದೇ ಗಟ್ಟಿಯಾಗಿ ಹೇಳಬೇಕಿತ್ತು. "ನೋಡ್ತೀನ್ರಿ" ಎಂದು ತೇಲಿಸಿದೆ. ನನ್ನ ಮೊದಲ ತಪ್ಪು ಇದು. ಗೇಟು ಸರಿ ಇದೆ ಎಂದು ಗೊತ್ತಿದ್ದೂ ಅನುಮಾನ ಗೇಟಿನ ಮೇಲೆಯೇ ಉಳಿಯಲು ಬಿಟ್ಟೆ.

ಅಷ್ಟರಲ್ಲಿ ನಮಗೊಂದು ಸುಲಭದ ಉತ್ತರ ಸಿಕ್ಕಿತು. ಎಡದ ಬಾಗಿಲಿನ ಅಗಳಿಯನ್ನು ಒಳಗಿನಿಂದ ಒಬ್ಬ ಹುಡುಗ ಸರಿಸಿ ಇಬ್ಬರು ಗೆಳೆಯರನ್ನು ಒಳಗೆ ಬಿಟ್ಟುಕೊಂಡದ್ದನ್ನು ಚುರಮುರಿ ಮಾರುವವನೊಬ್ಬ ನೋಡಿ ಹೇಳಿದ. ಕಳ್ಳದಾರಿ ಸಿಕ್ಕಿತಲ್ಲ! ಮಾಲಕರು ಅಲ್ಲೇ ಅಂದರು: "ಎರಡೂ ಕಡೆ ಕೀಲಿ ಜಡೀರಿ." ಮರುದಿನ ಸರಪಳಿ ಸುತ್ತಿ ಕೀಲಿ ಹಾಕಿಸಿದವನು ನಾನು.

ಕಾಕಾ ಬೇಡ ಎಂದರು. ಜೋರು ಮಾಡಲಿಲ್ಲ, ಚಹಾದ ಲೋಟ ಹಿಡಿದುಕೊಂಡು ನಿಂತೇ ಹೇಳಿದರು. "ಮ್ಯಾನೇಜರ್ರ, ದಿಲ್ಲಿಯೊಳಗ ಬಾಲ್ಕನಿ ಬಾಗಲಾ ಮುಚ್ಚಿತ್ತ್ರಿ. ಆಮ್ಯಾಲ ಗೇಟ್‌ಕೀಪರ್‌ಗೂ ಶಿಕ್ಷಾ ಆತು. ನಾವು ಟಾಕೀಸಿನವ್ರು ಅದನ್ನ ಮರತಿಲ್ರಿ."

ಅವರು ಹೇಳಿದ್ದು ಉಪಹಾರ್ ಚಿತ್ರಮಂದಿರದ ಮಾತು. 1997ರ ಜೂನ್ 13ರಂದು ಅಲ್ಲಿ ಬೆಂಕಿಯ ಹೊಗೆ ತುಂಬಿ 59 ಜನ ಸತ್ತರು, ಹೆಚ್ಚಿನವರು ಬಾಲ್ಕನಿಯಲ್ಲಿ ಸಿಕ್ಕಿಕೊಂಡವರು. 2007ರಲ್ಲಿ ಕೆಳ ನ್ಯಾಯಾಲಯ ಶಿಕ್ಷೆ ಕೊಟ್ಟವರಲ್ಲಿ ಮಾಲೀಕರ ಜೊತೆ ಗೇಟ್‌ಕೀಪರ್ ಕೂಡ ಇದ್ದ. ಡೇರೆಯ ಮಾತೇ ಬೇಕೆಂದರೆ ನಮ್ಮ ಬೆಂಗಳೂರಿನಲ್ಲೇ 1981ರ ಫೆಬ್ರುವರಿ 7ರಂದು ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಹೋದರು, ಬಹುಪಾಲು ಮಕ್ಕಳು. ಇದೆಲ್ಲ ನನಗೂ ಗೊತ್ತಿತ್ತು. ಗೊತ್ತಿದ್ದೂ "ಇದು ದಿಲ್ಲಿ ಅಲ್ಲ ಬಿಡ್ರಿ ಕಾಕಾ" ಎಂದೆ.

"ಹಂಗಾದ್ರ ಕೀಲಿಕೈ ನನ್ನ ಕಡೆ ಕೊಡ್ರಿ. ಕೊಳ್ಳಾಗ ಹಾಕ್ಕೋತೀನಿ."

ಕೊಡಲಿಲ್ಲ. ಅನುಮಾನದಲ್ಲಿರುವ ಮನುಷ್ಯನಿಗೆ ಕೀಲಿಕೈ ಕೊಟ್ಟರೆ ಮಾಲಕರು ಏನಂದಾರು ಎಂಬ ಅಂಜಿಕೆ. ಎರಡೂ ಕೀಲಿಕೈಗಳನ್ನು ಬುಕಿಂಗಿನ ಕ್ಯಾಶ್ ಪೆಟ್ಟಿಗೆಯಲ್ಲಿ ಉಳಿದ ಗೊಂಚಲಿನ ಜೊತೆ ಹಾಕಿದೆ. ಈ ಪ್ರಕರಣ ಎಲ್ಲಿ ತಿರುಗಿತು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಪೆಟ್ಟಿಗೆಯನ್ನು.

ಗಾಳಿ ಬಂದ ರಾತ್ರಿ

ಕೀಲಿ ಹಾಕಿ ಐದನೇ ದಿನ. ಏಪ್ರಿಲ್ ತಿಂಗಳ ಸೆಕೆ, ಸಂಜೆಯಿಂದ ಪಡುವಣದಲ್ಲಿ ಮೋಡ. ಗದಗ ಸೀಮೆಯ ಗಾಳಿ ಎಂಥದ್ದೆಂದು ಕಪ್ಪತಗುಡ್ಡದ ಸುತ್ತ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು. ಮೊದಲ ಆಟದ ಎರಡನೇ ಭಾಗ ನಡೆದಿತ್ತು, ಒಳಗೆ ನಾನೂರು ಚಿಲ್ಲರೆ ಜನ. ಹೊರಗೆ ಎರಡನೇ ಆಟದವರು ಆಗಲೇ ಬಂದು ಮುಂದಿನ ಗೇಟಿಗೆ ಒತ್ತಿ ನಿಂತಿದ್ದರು.

ಒಮ್ಮೆಲೇ ಬೀಸಿದ ಗಾಳಿಗೆ ಬಲಗಡೆಯ ತಾಡಪತ್ರಿಯ ಹಗ್ಗ ಹರಿದು ಮೇಲೆದ್ದಿತು. ಅದರ ಜೊತೆ ಕಟ್ಟಿದ್ದ ವಾಯರ್ ಎಳೆದಾಡಿ ತಗಡಿನ ಅಂಚಿಗೆ ಉಜ್ಜಿ ಕಿಡಿ ಹಾರಿತು. ಲೈಟು ಎರಡು ಸಲ ಮಿಣುಕಿದವು. ಸುಟ್ಟ ರಬ್ಬರಿನ ವಾಸನೆ. ಯಾರೋ "ಬೆಂಕಿ" ಎಂದು ಕೂಗಿದರು.

ಮುಂದಿನ ಐದಾರು ನಿಮಿಷಗಳನ್ನು ಆಮೇಲೆ ಹತ್ತಾರು ಜನರನ್ನು ಕೇಳಿ ಜೋಡಿಸಿದ್ದೇನೆ, ಯಾಕೆಂದರೆ ಯಾರು ಯಾವುದನ್ನು ಮೊದಲು ಮಾಡಿದರು ಎಂಬುದರಲ್ಲೇ ಎಲ್ಲ ಇದೆ.

ಕಾಕಾ ಮೊದಲು ಕೂಗಿದ್ದು ತಮ್ಮ ಕೈಕೆಳಗಿನ ಹತ್ತೊಂಬತ್ತರ ಹುಡುಗನಿಗೆ: "ಮೇನ್ ಇಳಸೋ!" ವಾಯರ್ ತಗಡಿಗೆ ಬಡಿದರೆ ಇಡೀ ಗೋಡೆಗೆ ಕರೆಂಟು ಬರುತ್ತದೆ, ಜನ ಕತ್ತಲಲ್ಲಿ ಕೈ ಹಚ್ಚುವುದು ಆ ಗೋಡೆಗೇ. ಹುಡುಗ ಓಡಿ ಮೇನ್ ಇಳಿಸಿದ. ಪೂರ್ತಿ ಕತ್ತಲಾಯಿತು.

ನಾನು ಬುಕಿಂಗಿನಿಂದ ಎದ್ದು ಓಡಿದ್ದು ಜನರೇಟರಿನ ಕಡೆ. ಬೆಳಕು ಬಂದರೆ ಜನ ಶಾಂತವಾಗುತ್ತಾರೆ ಎಂಬ ಲೆಕ್ಕ. ಕಾಕಾ ದಾರಿಯಲ್ಲೇ ತೋಳು ಹಿಡಿದರು. "ಹಚ್ಚಬ್ಯಾಡ್ರಿ! ವಾಯರ್ ತಗಡಿಗೆ ಕುಂತೈತಿ. ಕೀಲಿಕೈ ತರ್ರಿ, ಕೀಲಿಕೈ!" ಅವರು ಅಂದು ಆ ತೋಳು ಹಿಡಿಯದೇ ಇದ್ದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಆಮೇಲೆ ಅವರು ಮುಂದಿನ ಗೇಟಿನ ಎರಡೂ ಕದ ತೆರೆದರು. ತೆರೆದರೆ ಹೊರಗಿನವರು ಒಳಗೆ ನುಗ್ಗತೊಡಗಿದರು! ಅವರಿಗೇನು ಗೊತ್ತು, ಮೊದಲ ಆಟ ಬಿಟ್ಟಿತು ಎಂದುಕೊಂಡಿದ್ದಾರೆ. ಒಳಗಿನಿಂದ ಹೊರಗೆ ಬರುವವರು, ಹೊರಗಿನಿಂದ ಒಳಗೆ ಬರುವವರು, ನಡುವೆ ಸಾಲು ನಿಲ್ಲಿಸಲು ನಾವೇ ಕಟ್ಟಿದ ಬಿದಿರಿನ ಕಟಕಟೆ. ಕಾಕಾ ತಿಕೀಟಿನ ಡಬ್ಬಿ ಇಡುವ ಸ್ಟೂಲಿನ ಮೇಲೆ ಹತ್ತಿ, ಬ್ಯಾಟರಿಯ ಬೆಳಕನ್ನು ಜನರ ಮೇಲೆ ಬಿಡದೆ ತಮ್ಮ ಮುಖದ ಮೇಲೆಯೇ ಹಿಡಿದುಕೊಂಡು ಕೂಗಿದರು: "ನನ್ನ ನೋಡ್ರಿ! ಬೆಂಕಿ ಇಲ್ಲ, ಗಾಳಿ ಐತಿ. ಹೊರಗಿನವ್ರು ಹಿಂದಕ ಸರೀರಿ. ಒಳಗಿನವ್ರು ಕೂಸುಗೋಳನ್ನ ಎತ್ತಿ ಹಿಡೀರಿ, ಸಾವಕಾಶ ಬರ್ರಿ." ಬ್ಯಾಟರಿ ಕಣ್ಣಿಗೆ ಬಿಟ್ಟರೆ ಜನ ಕುರುಡಾಗುತ್ತಾರೆ, ಮುಖದ ಮೇಲೆ ಬಿಟ್ಟುಕೊಂಡರೆ ಹೇಳುವವನು ಯಾರೆಂದು ಕಾಣುತ್ತದೆ ಎಂದು ಆಮೇಲೆ ಹೇಳಿದರು. ಟಾಕೀಸಿನಲ್ಲಿ ಕರೆಂಟು ಹೋದಾಗಲೆಲ್ಲ ಹಾಗೇ ಮಾಡುತ್ತಿದ್ದರಂತೆ.

ಅದೇ ಹೊತ್ತಿಗೆ ರಂಗದ ಪಕ್ಕದಲ್ಲಿ ನಮ್ಮ ಪೇಟಿ ಮಾಸ್ತರರು ಕಾಲುಪೆಟ್ಟಿಗೆ ಬಿಟ್ಟೇಳದೆ ನುಡಿಸತೊಡಗಿದರು. ಕ್ಯಾಸಿಯೊ ಕೀಬೋರ್ಡು ಬಂದ ಮೇಲೂ ಕಾಲಿನಿಂದ ಗಾಳಿ ಒತ್ತಿ ನುಡಿಸುವ ಆ ಹಳೇ ಹಾರ್ಮೋನಿಯಂ ಬಿಡದವರು. ಕರೆಂಟು ಬೇಡದ ವಾದ್ಯ. ಕತ್ತಲಲ್ಲಿ ಅದರ ದನಿ ಕೇಳುತ್ತಿದ್ದಂತೆ ಹಾಸ್ಯ ಪಾತ್ರದವರು ರಂಗದ ಅಂಚಿಗೆ ಬಂದು, ಮೈಕಿಲ್ಲದ ಕಾಲದ ದನಿಯಲ್ಲಿ ಸಾಲು ಸಾಲು ಹೆಸರಿಟ್ಟು ಕಳಿಸಿದರು: "ಹಿಂದಿನ ಬಾಕಿನವ್ರು ಮೊದಲು... ಈಗ ಅದರ ಮುಂದಿನವ್ರು..." ನಡುವಿನ ಸಾಲುಗಳಿಂದ ಆಮೇಲೆ ನೂಕುನುಗ್ಗಲಾಗಲಿಲ್ಲ.

ಆಗಿದ್ದು ಎಡಬದಿಯಲ್ಲಿ. ಬಾಗಿಲ ಹತ್ತಿರ ಕೂತ ಹೆಣ್ಣುಮಕ್ಕಳು ಸಹಜವಾಗಿ ಆ ಬಾಗಿಲಿಗೇ ಹೋದರು. ತೆರೆಯಲಿಲ್ಲ. ಹಿಂದಿನವರಿಗೆ ಅದು ಗೊತ್ತಾಗಲಿಲ್ಲ, ಒತ್ತಿದರು. ನಾನು ಪೆಟ್ಟಿಗೆಯ ಗೊಂಚಲಿನಲ್ಲಿ ಕತ್ತಲಲ್ಲಿ ಕೀಲಿಕೈ ತಡಕುತ್ತಿದ್ದೆ. ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಇದಲ್ಲ, ಇದಲ್ಲ ಎಂದು. ಮೂರು ನಿಮಿಷವೋ ನಾಲ್ಕೋ. ನಾನು ಸಿಕ್ಕ ಕೀಲಿಕೈ ಹಿಡಿದು ಓಡಿ ಬರುವಷ್ಟರಲ್ಲಿ ಮೇನ್ ಇಳಿಸಿದ ಆ ಹುಡುಗ, ಕಂಬದ ತಗ್ಗು ತೋಡುವ ಹಾರಿಯನ್ನು ಹೊರಗಿನಿಂದ ತಗಡಿನ ಬುಡಕ್ಕೆ ಹಾಕಿ ಮೀಟಿ ಒಂದು ತಗಡನ್ನೇ ಮಡಚಿಬಿಟ್ಟಿದ್ದ. ಆ ಕಿಂಡಿಯಿಂದ ಒಬ್ಬೊಬ್ಬರೇ ಬಗ್ಗಿ ಹೊರಗೆ ಬಂದರು. ಮಗುವನ್ನು ಹೊರಗೆ ದಾಟಿಸುವಾಗ ಒಬ್ಬ ತಾಯಿಯ ಅಂಗೈಗೆ ತಗಡಿನ ಅಂಚು ಕೊಯ್ಯಿತು. ಏಳು ಹೊಲಿಗೆ. ಒಬ್ಬ ಹುಡುಗನ ಪಾದ ತುಳಿತಕ್ಕೆ ಸಿಕ್ಕು ಬಾತಿತು. ಜೀವ ಹೋಗಲಿಲ್ಲ. ಬೆಂಕಿಯೂ ಹತ್ತಿರಲಿಲ್ಲ.

ಮರುದಿನ

ಬೆಳಿಗ್ಗೆ ಆ ತಾಯಿಯ ಗಂಡ ಬಂದರು. ಹೊಲದಿಂದ ನೇರ ಬಂದವರು, ಕಾಲಿಗೆ ಮಣ್ಣು. ಆಸ್ಪತ್ರೆಯ ಖರ್ಚು ಕಂಪನಿಯದು ಎಂದು ನಾನು ಮೊದಲೇ ಹೇಳಿದೆ. ಅವರು ಅದಕ್ಕೆ ಬಂದಿರಲಿಲ್ಲ. "ಒಂದ ಮಾತ ಕೇಳೂಣಂತ ಬಂದೆ. ಕೀಲಿ ಯಾಕ ಹಾಕಿದ್ರಿ?"

ತಿಕೀಟು ಇಲ್ಲದವರು ಬರುತ್ತಾರೆಂದು ಎಂದೆ. ಹೇಳುವಾಗಲೇ ನಾಲಿಗೆ ತೊಡರಿತು. ಅವರು ಮತ್ತೇನೂ ಕೇಳಲಿಲ್ಲ, ಖರ್ಚಿನ ರೊಕ್ಕ ಎಣಿಸಿಕೊಂಡು ಹೋದರು. ಕ್ಯಾಂಪ್ ಮುಗಿಯುವವರೆಗೆ ಅವರ ಮನೆಯವರು ಯಾರೂ ನಾಟಕಕ್ಕೆ ಬರಲಿಲ್ಲ.

ಮಾಲಕರ ಸಿಟ್ಟು ಬೇರೆ. ಮುಂದಿನ ಗೇಟು ತೆರೆದಿಟ್ಟಿದ್ದರಿಂದ ಎರಡನೇ ಆಟದ ಕಲೆಕ್ಷನ್ ಹೋಯಿತು, ಹತ್ತು ಹನ್ನೆರಡು ಕುರ್ಚಿ ಮುರಿದವು, ತಗಡು ಹಾಳಾಯಿತು. ಕಾಕಾನನ್ನು ಬಿಡಿಸಿ ಎಂದರು. ಎರಡನೇ ತಿರುವು ಇಲ್ಲಿ. ಡಬ್ಬಿ ಬಿಚ್ಚಿ ನೋಡಿದ್ದನ್ನು, ಒಂದು ತಿಕೀಟೂ ತಪ್ಪಿರದಿದ್ದನ್ನು, ಕಾಕಾ ಕೀಲಿ ಬೇಡ ಎಂದದ್ದನ್ನು, ಕೀಲಿಕೈ ಕೇಳಿದ್ದನ್ನು, ನಾನು ಕೊಡದ್ದನ್ನು ಅಂದು ಮಾಲಕರ ಮುಂದೆ ಒಂದೂ ಬಿಡದೆ ಹೇಳಿದೆ. "ಬಿಡಸೂದಾದ್ರ ನನ್ನ ಬಿಡಸ್ರಿ" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಕಾಕಾನನ್ನು ಕರೆಸಿದರು.

ಕಾಕಾ ಎರಡು ಮಾತು ಕೇಳಿದರು. ಒಂದು, ಆಟ ನಡೆದಾಗ ಯಾವ ಬಾಗಿಲಿಗೂ ಕೀಲಿ ಇರಬಾರದು. ಇನ್ನೊಂದು: "ತಲಿ ಎಣಸೂ ಕೆಲಸಾ ನನಗ ಕೊಡ್ರಿ ಸಾವಕಾರ್ರ. ಲೆಕ್ಕ ಎಲ್ಲಿ ಸೋರತೈತಿ ಅಂತ ನಾನ ತೋರಿಸ್ತೀನಿ."

ಹುಣಸೆ ಬೀಜದ ಲೆಕ್ಕ

ಐದು ದಿನ ಎಣಿಸಿದರು. ಅಂಗಿಯ ಬಲಗಿಸೆಯಲ್ಲಿ ಹುಣಸೆ ಬೀಜ. ಹತ್ತು ಜನ ಒಳಗೆ ಹೋದರೆ ಒಂದು ಬೀಜ ಎಡಗಿಸೆಗೆ. ಕಲಾವಿದರ ಬಾಗಿಲಲ್ಲಿ ಆ ಹುಡುಗ, ಪಕ್ಕದ ಬಾಗಿಲುಗಳಲ್ಲಿ ಒಬ್ಬೊಬ್ಬರು, ಅವರ ಕಡೆಗೂ ಬೀಜ. ಮೂರನೇ ಬೆಲ್ಲಿಗೆ ಎಲ್ಲರೂ ಬುಕಿಂಗಿಗೆ ಬಂದು ಕಿಸೆ ಖಾಲಿ ಮಾಡುವುದು.

ಒಂದು ಭಾನುವಾರದ ಮೊದಲ ಆಟದ ಲೆಕ್ಕ ನನ್ನ ನೋಟುಬುಕ್ಕಿನಲ್ಲಿ ಇನ್ನೂ ಇದೆ. ಒಳಗೆ ಹೋದವರು 436. ಡಬ್ಬಿಯಲ್ಲಿ ಅರ್ಧ ತಿಕೀಟು 381. ವ್ಯತ್ಯಾಸ 55. ಇದರಲ್ಲಿ ಬರೆದುಕೊಟ್ಟ ಪಾಸಿನವರು 12. ಐದು ವರ್ಷದೊಳಗಿನವು ಎಂದು ತಾಯಂದಿರು ಒಳಗೆ ಕರೆದೊಯ್ದ, ನೋಡಿದರೆ ಶಾಲೆಗೆ ಹೋಗುವ ಮಕ್ಕಳು 12. ಉಳಿದ 31 ಮಂದಿ ಬಂದದ್ದು ರಂಗದ ಹಿಂದಿನ ಬಾಗಿಲಿನಿಂದ, ಇಲ್ಲವೇ ಮುಂದಿನ ಗೇಟಿನಿಂದಲೇ, "ನಮ್ಮವ್ರು, ಬಿಡ್ರಿ" ಎಂಬ ಒಂದು ಮಾತಿನ ಮೇಲೆ. ಜಾಗದವರ ಬೀಗರು, ಕಲಾವಿದರ ಪರಿಚಯದವರು, ಕುರ್ಚಿ ಬಾಡಿಗೆ ಕೊಟ್ಟವನ ಮನೆಮಂದಿ. ಆ ಮಾತು ಹೇಳಿದವರಲ್ಲಿ ಮಾಲಕರ ಅಳಿಯನಿದ್ದ. ನಾನೂ ಇದ್ದೆ. ಆ ಒಂದು ಆಟಕ್ಕೆ ನಾನೇ ಒಂಬತ್ತು ಜನರನ್ನು ಬಿಡಿಸಿದ್ದೆ, ಒಬ್ಬರನ್ನೂ ಲೆಕ್ಕದಲ್ಲಿ ಇಟ್ಟುಕೊಂಡಿರಲಿಲ್ಲ.

ಪಕ್ಕದ ಬಾಗಿಲಿನಿಂದ ಬಂದವರು? ಮನುಷ್ಯನನ್ನು ನಿಲ್ಲಿಸಿದ ಮೇಲೆ ಒಬ್ಬರೂ ಇಲ್ಲ. ಮೊದಲು ಯಾರೂ ನಿಲ್ಲದೆ ಇದ್ದಾಗ ಆಟಕ್ಕೆ ಇಬ್ಬರೋ ಮೂವರೋ ಬರುತ್ತಿದ್ದಿರಬೇಕು. ಅವರ ತಿಕೀಟಿನ ರೊಕ್ಕಕ್ಕಾಗಿ ನಾನು ಐನೂರು ಜನರ ಬಾಗಿಲಿಗೆ ಸರಪಳಿ ಸುತ್ತಿಸಿದ್ದೆ.

ಇಂಟರ್ವಲ್ಲಿನಲ್ಲಿ ಇನ್ನೊಂದು ಸೋರಿಕೆ ಸಿಕ್ಕಿತು. ಚಹಾಕ್ಕೆಂದು ಹೊರಗೆ ಹೋದವನು ಅರ್ಧ ತಿಕೀಟನ್ನು ಗೆಳೆಯನಿಗೆ ಕೊಟ್ಟು ಒಳಗೆ ಕಳಿಸುತ್ತಾನೆ, ತಾನು "ಒಳಗ ಕಳಕೊಂಡೆ" ಎಂದು ಜಗಳ ಮಾಡಿ ಬರುತ್ತಾನೆ. ಅಂದು ಇಂಟರ್ವಲ್ಲಿನ ಮೊದಲಿಗಿಂತ ಆಮೇಲೆ ಒಳಗೆ 24 ತಲೆ ಹೆಚ್ಚು.

ಬದಲಿಸಿದ್ದು

ಕೀಲಿಯನ್ನು ಕಾಕಾ ಕೇಳಿದ ದಿನವೇ ತೆಗೆಸಿದೆವು. ಪಕ್ಕದ ಬಾಗಿಲಿಗೆ ಒಳಗಿನಿಂದ ಅಗಳಿ ಮಾತ್ರ, ಒಂದು ಕೈಯಿಂದ ಸರಿಯುವಂಥದ್ದು. ಆಟ ನಡೆಯುವಷ್ಟು ಹೊತ್ತು ಅಲ್ಲಿ ಒಬ್ಬರು ಕೂಡಬೇಕು. ಎರಡು ಪಗಾರ ಹೆಚ್ಚಾಯಿತು ಎಂದು ಮಾಲಕರು ಗೊಣಗಿದರು, ಕೊಟ್ಟರು. ಎಡದ ಬಾಗಿಲಿಗೆ ಕೂಡಿಸಿದ್ದು ಪಾತ್ರ ಮಾಡುವುದನ್ನು ಬಿಟ್ಟು ಕಂಪನಿಯಲ್ಲೇ ಅಡಿಗೆಗೆ ನಿಂತಿದ್ದ ಒಬ್ಬ ಹಿರಿಯ ಕಲಾವಿದೆಯನ್ನು. ನನ್ನ ಅನಿಸಿಕೆಯಲ್ಲಿ ಇಡೀ ಬದಲಾವಣೆಯಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದೇ. "ಅವ್ವಾರ, ಈ ಹುಡುಗ್ಗ ಎಂಟ ವರ್ಷ ಆಗ್ಯಾವು, ತಿಕೀಟ ತಗೋರಿ" ಎಂದು ಅವರು ಹೇಳಿದರೆ ತಾಯಂದಿರು ನಕ್ಕು ಸೆರಗಿನ ಗಂಟು ಬಿಚ್ಚುತ್ತಿದ್ದರು. ಅದೇ ಮಾತನ್ನು ಗಂಡಸರು ಹೇಳಿದರೆ ಜಗಳ.

ಎರಡನೇ ಆಟದ ಸಾಲನ್ನು ಗೇಟಿನಿಂದ ತೆಗೆದು ಬುಕಿಂಗಿನ ಆಚೆ, ಮೂವತ್ತು ಹೆಜ್ಜೆ ದೂರಕ್ಕೆ ಒಯ್ದೆವು. ಬಿದಿರಿನ ಕಟಕಟೆ ಕಿತ್ತು ಹಾಕಿದೆವು. ಮೊದಲ ಆಟದವರು ಪೂರ್ತಿ ಹೊರಗೆ ಬಂದು, ಕಾಕಾ ಬ್ಯಾಟರಿ ಎತ್ತಿ ತೋರಿಸಿದ ಮೇಲೆಯೇ ಆ ಸಾಲು ಬಿಡುವುದು. ವಾಯರನ್ನು ತಗಡಿನಿಂದ ಬಿಡಿಸಿ ಕಂಬದ ಮೇಲೆ ಬೇರೆಯಾಗಿ ಎಳೆಸಿದೆವು, ಅರ್ಥಿಂಗ್ ಹೊಸದಾಗಿ ಹಾಕಿಸಿದೆವು, ಉಸುಕಿನ ಬಕೆಟ್ ಇಟ್ಟೆವು. ಇವನ್ನೆಲ್ಲ ಪರವಾನಗಿ ತೆಗೆಯುವಾಗಲೇ ಮಾಡಿರಬೇಕಿತ್ತು.

ಬಿಟ್ಟಿ ಬರುವವರಿಗೆ ಒಂದು ಪುಸ್ತಕ ಇಟ್ಟೆವು. ಯಾರನ್ನಾದರೂ ಪುಕ್ಕಟೆ ಬಿಡಿ, ತಕರಾರಿಲ್ಲ. ಆದರೆ ಎಷ್ಟು ಜನ, ಯಾರು ಹೇಳಿದ್ದು ಎಂದು ಗೇಟಿನಲ್ಲೇ ಬರೆಸಬೇಕು. ಕಾಕಾ ಪುಸ್ತಕ ಮುಂದೆ ಚಾಚಿ "ಹೆಸರ ಬರಸ್ರಿ" ಎಂದರೆ ಅರ್ಧಕ್ಕರ್ಧ ಜನ ಬುಕಿಂಗಿನ ಕಡೆ ತಿರುಗುತ್ತಿದ್ದರು. ಮೊದಲ ಪುಟದ ಮೊದಲ ಸಾಲು ಕಾಕಾನ ಅಕ್ಷರದಲ್ಲಿದೆ: ಮ್ಯಾನೇಜರ್ ಹೇಳಿದ್ದು, 4.

ಎಲ್ಲವೂ ಸರಿಹೋಗಲಿಲ್ಲ. ಇಂಟರ್ವಲ್ಲಿಗೆ ಕೈ ಮೇಲೆ ಶಿಕ್ಕಾ ಒತ್ತುವುದೆಂದು ಮಾಡಿದೆವು. ಹೆಣ್ಣುಮಕ್ಕಳು ಕೈ ಚಾಚಲಿಲ್ಲ, ನ್ಯಾಯವೇ. ಗಂಡಸರ ಕೈಯಲ್ಲಿ ಬೆವರಿಗೆ ಶಾಯಿ ಹರಡಿ ಯಾವುದು ಯಾವ ದಿನದ್ದೆಂದು ತಿಳಿಯಲಿಲ್ಲ. ಮೂರೇ ದಿನಕ್ಕೆ ಬಿಟ್ಟೆವು. ಆಮೇಲೆ ಹಾಳಾದ ಆ ತಗಡನ್ನೇ ಕತ್ತರಿಸಿ, ಅಂಚು ಉಜ್ಜಿ, ನಂಬರು ಹೊಡೆದು ಬಿಲ್ಲೆ ಮಾಡಿದೆವು: ಹೊರಗೆ ಹೋಗುವಾಗ ಅರ್ಧ ತಿಕೀಟು ಕೊಟ್ಟು ಬಿಲ್ಲೆ ಒಯ್ಯುವುದು, ಬರುವಾಗ ಬಿಲ್ಲೆ ಕೊಡುವುದು. ಸಾಧಾರಣ ದಿನಗಳಲ್ಲಿ ನಡೆಯಿತು. ತೇರಿನ ದಿನ ಬಿಲ್ಲೆ ಸಾಲಲಿಲ್ಲ, ಗೇಟಿನಲ್ಲಿ ಗುಂಪು ಕಟ್ಟಿತು. ಗುಂಪು ಕಂಡ ಕೂಡಲೇ ಕಾಕಾ ಬಿಲ್ಲೆಯ ಡಬ್ಬಿ ಪಕ್ಕಕ್ಕಿಟ್ಟು ಎಲ್ಲರನ್ನೂ ಒಳಗೆ ಬಿಟ್ಟರು. ನನ್ನನ್ನು ಕೇಳಲಿಲ್ಲ. ನಷ್ಟವಾಯಿತು, ಪುಸ್ತಕದಲ್ಲಿ "ಗುಂಪಿಗೆ ಬಿಟ್ಟದ್ದು, ಅಂದಾಜು 20" ಎಂದು ಬರೆದಿದ್ದರು. ಮಾಲಕರು ಓದಿ ಪುಟ ತಿರುವಿದರು.

ಆ ಅಧಿಕಾರ, ಅಂದರೆ ಯಾರನ್ನೂ ಕೇಳದೆ ಬಾಗಿಲು ತೆರೆಯುವ ಅಧಿಕಾರ, ಗೇಟಿನಲ್ಲಿ ನಿಂತವರಿಗೇ ಇರಬೇಕು ಎಂದು ನಾನು ಈಗ ಹೋದಲ್ಲೆಲ್ಲ ಹೇಳುತ್ತೇನೆ. ಕೀಲಿಕೈ ಪೆಟ್ಟಿಗೆಯಲ್ಲಿದ್ದು, ಹೊಣೆ ಗೇಟಿನವನ ತಲೆಯ ಮೇಲಿರುವ ವ್ಯವಸ್ಥೆ ನಮ್ಮಲ್ಲಿ ಇನ್ನೂ ಎಷ್ಟೋ ಕಡೆ ಇದೆ. ಮದುವೆ ಹಾಲಿನಲ್ಲಿ, ಶಾಲೆಯ ಗ್ಯಾದರಿಂಗಿನಲ್ಲಿ, ಆರ್ಕೆಸ್ಟ್ರಾ ನಡೆಯುವ ಬಯಲಿನಲ್ಲಿ ಹಿಂದಿನ ಬಾಗಿಲಿಗೆ ಕೀಲಿ ಕಂಡರೆ ನನಗೆ ಕೂಡಲು ಆಗುವುದಿಲ್ಲ, ಎದ್ದು ಹೋಗಿ ಕೀಲಿಕೈ ಯಾರ ಕಡೆ ಇದೆ ಎಂದು ಕೇಳುತ್ತೇನೆ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಹಾಗೆಯೇ, ಕಳವಾಗಿದೆ ಎಂದು ಅನುಮಾನ ಬಂದಾಗ ಎಲ್ಲಕ್ಕಿಂತ ಕಡಿಮೆ ಪಗಾರದವನ ಕಡೆ ನೋಡುವ ಮೊದಲು, ನಾವು ನಾವೇ ಎಷ್ಟು ಜನರನ್ನು "ಬಿಡ್ರಿ" ಎಂದಿದ್ದೇವೆ ಎಂದು ಒಂದು ವಾರ ಬರೆದಿಟ್ಟು ನೋಡಬೇಕು.

ಮುಂದಿನ ಕ್ಯಾಂಪ್ ಹಾವೇರಿ ಕಡೆ. ಅಲ್ಲಿ ಪಕ್ಕದ ಬಾಗಿಲುಗಳನ್ನು ಹೊರಕ್ಕೆ ತೆರೆಯುವ ಹಾಗೆ ಕೂಡಿಸಿದೆವು. ದಿನಾ ಮೊದಲನೇ ಬೆಲ್ಲಿಗೆ ಮುಂಚೆ ಕಾಕಾ ಮತ್ತು ನಾನು ಮೂರೂ ಬಾಗಿಲು ತಳ್ಳಿ ನೋಡುವುದು ರೂಢಿಯಾಯಿತು. ಮಳೆ ಬಂದ ಒಂದು ಸಂಜೆ ಕಾಕಾ ಎಡದ ಬಾಗಿಲನ್ನು ಒಂದು ಕೈಯಿಂದ ತಳ್ಳಿದರು, ತೆರೆಯಲಿಲ್ಲ. ಕರಿ ಮಣ್ಣು ನೆನೆದು ಉಬ್ಬಿ ತಗಡಿನ ಬುಡ ಹಿಡಿದುಕೊಂಡಿತ್ತು. ಹೊರಗೆ ಮುನ್ನೂರು ಜನ ನಿಂತಿದ್ದರು, ಬಣ್ಣ ಹಚ್ಚಿಕೊಂಡ ಕಲಾವಿದರು ಒಳಗೆ ಕಾಯುತ್ತಿದ್ದರು. "ಸಲಿಕಿ ತಗೊಂಬಾರೋ" ಎಂದು ಕಾಕಾ ಹುಡುಗನಿಗೆ ಹೇಳಿದರು. ಅಂದಿನ ಮೊದಲ ಆಟ ಹದಿನೈದು ನಿಮಿಷ ತಡವಾಗಿ ಶುರುವಾಯಿತು.